ದಮ್ಮಿಗೆ ಬೇಕಾದ ಕಸುವು: ಕೊಳ್ಳೇಗಾಲ ಸೀಮೆಯ ಊಟದಲ್ಲಿರುವ ಪ್ರೋಟೀನು



ಬೆಳಗಿನ ಜಾವ ಕೊಳ್ಳೇಗಾಲದ ಯಾವ ಮೈದಾನಕ್ಕೆ ಹೋದರೂ ಓಡುವ ಹುಡುಗ ಹುಡುಗಿಯರು ಕಾಣುತ್ತಾರೆ. ಕೆಲವರು ಕಬಡ್ಡಿ, ಖೋ-ಖೋ ಆಡುವವರು. ಹೆಚ್ಚಿನವರು ಪೊಲೀಸ್ ಇಲ್ಲವೇ ಸೈನ್ಯದ ಕೆಲಸಕ್ಕೆ ತಯಾರಾಗುತ್ತಿರುವವರು. ಕಾನ್‌ಸ್ಟೆಬಲ್ ಹುದ್ದೆಗೆ ನಿಂತ ಹುಡುಗ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಹುಡುಗಿ 400 ಮೀಟರನ್ನು ಎರಡು ನಿಮಿಷದೊಳಗೆ. ಒಂದು ಮನೆಯ ಬದುಕೇ ಆ ನಿಮಿಷಗಳ ಮೇಲೆ ನಿಂತಿರುತ್ತದೆ. ಅದಕ್ಕೇ ಆ ಮಕ್ಕಳು ನನ್ನಂಥವರನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ: ‘ದಮ್ಮು ಬರೋಕೆ ಯಾವ ಪೌಡರು ತಗೋಬೇಕು ಸಾರ್?’ ಅದರ ಬೆನ್ನಲ್ಲೇ ಇನ್ನೊಂದು: ‘ಹೊಟ್ಟೆ ಕರಗೋಕೆ ಯಾವುದು?’

ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಇಂದಿನ ದತ್ತಿ ಉಪನ್ಯಾಸದ ಉದ್ದೇಶ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಮ್ಮನ್ನು ಕಟ್ಟುವುದು ಅಭ್ಯಾಸ. ಆ ಅಭ್ಯಾಸದಲ್ಲಿ ಸವೆದ ಮೈಯನ್ನು ಮತ್ತೆ ಕಟ್ಟುವುದು ಪ್ರೋಟೀನು. ಆ ಪ್ರೋಟೀನು ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಹೊಲದಲ್ಲಿ, ಹಟ್ಟಿಯಲ್ಲಿ ಬೆಳೆಯುತ್ತದೆ, ಆದರೆ ನಮ್ಮ ತಟ್ಟೆಯಿಂದ ಅದು ಮೆಲ್ಲಗೆ ಜಾರಿಹೋಗಿದೆ. ಅದನ್ನು ಮರಳಿ ತರುವುದು ನಮ್ಮ ಕೈಯಲ್ಲೇ ಇದೆ.

ದಮ್ಮು ಎಲ್ಲಿಂದ ಬರುತ್ತದೆ

ಓಡುವ ಮೈಗೆ ಎರಡು ಉರುವಲು. ಒಂದು ಸಕ್ಕರೆಯ ದಾಸ್ತಾನು. ನಾವು ತಿಂದ ಮುದ್ದೆ, ಅನ್ನಗಳೇ ಗ್ಲೈಕೋಜನ್ ಆಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟಿರುತ್ತವೆ. ಬೆಳೆದ ಆಳಿನಲ್ಲಿ ಇದು ಸುಮಾರು 400ರಿಂದ 500 ಗ್ರಾಂ, ಅಂದರೆ ಎರಡು ಸಾವಿರ ಕ್ಯಾಲೊರಿಯ ಆಸುಪಾಸು. ಇನ್ನೊಂದು ಕೊಬ್ಬು. 60 ಕೆ.ಜಿ. ತೂಕದ ಸಣಕಲು ಹುಡುಗನ ಮೈಯಲ್ಲೂ ಐದಾರು ಕೆ.ಜಿ. ಕೊಬ್ಬು ಇರುತ್ತದೆ. ಗ್ರಾಮಿಗೆ 9 ಕ್ಯಾಲೊರಿಯಂತೆ ಲೆಕ್ಕ ಹಾಕಿದರೆ 50 ಸಾವಿರ ಕ್ಯಾಲೊರಿ ಅವನ ಮೈಯಲ್ಲೇ ಇದೆ. ಉರುವಲಿಗೆ ಕೊರತೆ ಯಾರಿಗೂ ಇಲ್ಲ. ಅದನ್ನು ಬೇಗ ಬೇಗ ಉರಿಸಿಕೊಳ್ಳುವ ಶಕ್ತಿ ಸ್ನಾಯುವಿಗೆ ಇದೆಯೇ ಎಂಬುದಷ್ಟೇ ಪ್ರಶ್ನೆ.

ಆ ಶಕ್ತಿ ಸ್ನಾಯುಕೋಶದೊಳಗಿನ ಮೈಟೊಕಾಂಡ್ರಿಯಾಗಳದು. ವಾರಗಟ್ಟಲೆ, ತಿಂಗಳುಗಟ್ಟಲೆ ಓಡಿದಾಗ ಅವು ಹೆಚ್ಚುತ್ತವೆ, ಸ್ನಾಯುವಿನೊಳಗೆ ನವಿರಾದ ರಕ್ತನಾಳಗಳು ಹೊಸದಾಗಿ ಹಬ್ಬುತ್ತವೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ನಾವು ದಮ್ಮು ಎನ್ನುವುದು ಇದನ್ನೇ. ಈ ಬದಲಾವಣೆಗಳೆಲ್ಲ ಆಗುವುದು ಓಟ ಮುಗಿದ ಮೇಲೆ, ವಿಶ್ರಾಂತಿಯ ಹೊತ್ತಿನಲ್ಲಿ, ನಿದ್ದೆಯಲ್ಲಿ. ಆಗ ಬೇಕಾಗುವ ಇಟ್ಟಿಗೆ, ಗಾರೆ ಎಂದರೆ ಪ್ರೋಟೀನು. ಓಡುವ ಹೊತ್ತಿನಲ್ಲಿ ಪ್ರೋಟೀನು ಉರುವಲಾಗುವುದು ತೀರಾ ಕಡಿಮೆ, ದೀರ್ಘ ಓಟದಲ್ಲೂ ಒಟ್ಟು ಶಕ್ತಿಯ ಶೇ 5ರ ಆಸುಪಾಸು. ಆದ್ದರಿಂದ ಮೈದಾನಕ್ಕೆ ಇಳಿಯುವ ಮುನ್ನ ಪುಡಿ ಕಲಸಿ ಕುಡಿದರೆ ಅಂದೇ ದಮ್ಮು ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ದಿನವೂ ಸಾಕಷ್ಟು ಪ್ರೋಟೀನು ತಿಂದವನು ಮಾತ್ರ ದಿನವೂ ಅಭ್ಯಾಸ ಮಾಡಬಲ್ಲ, ಬೇಗ ಚೇತರಿಸಿಕೊಳ್ಳಬಲ್ಲ.

ಕೊಬ್ಬು ಕರಗುವ ಲೆಕ್ಕ

ಕೊಬ್ಬು ಕರಗಿಸುವುದಕ್ಕೆ ನಮ್ಮ ಸೀಮೆಯಲ್ಲೇ ಒಂದು ದೊಡ್ಡ ಪಾಠವಿದೆ. ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದಂತೆ ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ, ಬೆಟ್ಟದ ದಾರಿಯ ತುಂಬ ಭಕ್ತರ ‘ಉಘೇ ಉಘೇ’ ದನಿ. ಕನಕಪುರದ ಕಡೆಯಿಂದ ಕಾವೇರಿ ದಾಟಿ ಬರುವವರಿದ್ದಾರೆ, ಮೈಸೂರು, ಮಂಡ್ಯದಿಂದ ನಡೆದು ಬರುವವರಿದ್ದಾರೆ. ಕೊಳ್ಳೇಗಾಲದಿಂದ ಹನೂರಿನ ಮೇಲೆ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಅದರಲ್ಲಿ ತಾಳಬೆಟ್ಟದಿಂದ ಮೇಲಿನ ಸುಮಾರು 18 ಕಿ.ಮೀ. ಕಾಡಿನ ಏರುದಾರಿ. ಅರವತ್ತು ದಾಟಿದ ಹೆಂಗಸರು ಬರಿಗಾಲಲ್ಲಿ ಹತ್ತುವುದನ್ನು ನೀವೆಲ್ಲ ಕಂಡಿದ್ದೀರಿ.

ಈ ಭಕ್ತರಂತೆ ಮಾತಾಡುತ್ತ, ಪದ ಹೇಳುತ್ತ ನಡೆಯಬಹುದಾದ ವೇಗದಲ್ಲಿ ಮೈ ಉರಿಸುವ ಶಕ್ತಿಯಲ್ಲಿ ಕೊಬ್ಬಿನ ಪಾಲು ಹೆಚ್ಚು. ಏದುಸಿರು ಬರುವಷ್ಟು ವೇಗವಾಗಿ ಓಡಿದರೆ ಸಕ್ಕರೆಯ ಪಾಲು ಹೆಚ್ಚು. ಆರೂವರೆ ನಿಮಿಷದ 1600 ಮೀಟರ್ ಈ ಎರಡನೆಯ ಬಗೆಯದು. ಅಲ್ಲಿ ಗೆಲ್ಲಿಸುವುದು ಹಿಂದಿನ ದಿನ ತಿಂದ ಮುದ್ದೆ ಮತ್ತು ತಿಂಗಳುಗಳ ಅಭ್ಯಾಸ, ಕೊಬ್ಬು ಕರಗಿಸುವ ಮಾತ್ರೆಯಲ್ಲ.

ಇನ್ನು ಲೆಕ್ಕ ಕೇಳಿ. 60 ಕೆ.ಜಿ. ತೂಕದವರು ಕೊಳ್ಳೇಗಾಲದಿಂದ ಬೆಟ್ಟದವರೆಗೆ ನಡೆದರೆ ಖರ್ಚಾಗುವುದು ಅಂದಾಜು ನಾಲ್ಕು ಸಾವಿರ ಕ್ಯಾಲೊರಿ. ಮೈಯ ಕೊಬ್ಬಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಅರ್ಧ ಕೆ.ಜಿ. ಎಂಬತ್ತು ಕಿಲೋಮೀಟರಿಗೆ ಅರ್ಧ ಕೆ.ಜಿ.! ಒಂದು ಡಬ್ಬಿ ಪುಡಿ ವಾರದಲ್ಲಿ ಮೂರು ಕೆ.ಜಿ. ಕೊಬ್ಬು ಕರಗಿಸುತ್ತದೆ ಎಂದು ಯಾರಾದರೂ ಹೇಳಿದರೆ ಈ ಅಂಕಿಯನ್ನು ನೆನೆಯಿರಿ.

ಹಾಗಾದರೆ ಕೊಬ್ಬು ಇಳಿಸುವುದರಲ್ಲಿ ಪ್ರೋಟೀನಿನ ಪಾತ್ರ ಏನೂ ಇಲ್ಲವೆ? ಇದೆ. ಪ್ರೋಟೀನು ತಿಂದರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಅದನ್ನು ಅರಗಿಸುವುದಕ್ಕೇ ಅದರ ಶಕ್ತಿಯ ಶೇ 20ರಿಂದ 30ರಷ್ಟು ಖರ್ಚಾಗುತ್ತದೆ, ಪಿಷ್ಟಕ್ಕಾದರೆ ಶೇ 5ರಿಂದ 10. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಸ್ನಾಯು ಕರಗದಂತೆ ಪ್ರೋಟೀನು ಕಾಯುತ್ತದೆ. ಇವು ಒಳ್ಳೆಯ ಗುಣಗಳು, ಆದರೆ ಹುರುಳಿಯ ಪ್ರೋಟೀನಿಗೂ ಡಬ್ಬಿಯ ಪ್ರೋಟೀನಿಗೂ ಸಮಾನವಾದ ಗುಣಗಳು.

ಕಣಜದ ಮರಿ, ರೇಷ್ಮೆಯ ಹುಳು

ಪ್ರಕೃತಿಯಲ್ಲಿ ತ್ರಾಣದ ಗುಟ್ಟು ಹುಡುಕಿದವರ ಒಂದು ನಿಜಕಥೆಯನ್ನು ಇಲ್ಲಿ ಹೇಳಬೇಕು. ಜಪಾನಿನ ದೈತ್ಯ ಕಣಜ ಆಹಾರಕ್ಕಾಗಿ ಬಹುದೂರ ಹಾರುತ್ತದೆ. ಅದರ ಸೊಂಟ ಎಷ್ಟು ಸಣ್ಣದೆಂದರೆ ಬೆಳೆದ ಕಣಜ ಗಟ್ಟಿ ಆಹಾರ ನುಂಗಲಾರದು. ಬೇಟೆಯಾಡಿದ ಹುಳುವನ್ನು ಅಗಿದು ಮರಿಗಳಿಗೆ ಉಣಿಸುತ್ತದೆ. ಮರಿಗಳು ಬದಲಿಗೆ ಬಾಯಿಂದ ಒಂದು ರಸ ಸುರಿಸುತ್ತವೆ, ದೊಡ್ಡ ಕಣಜ ಅದನ್ನು ಕುಡಿದು ಹಾರುತ್ತದೆ. ರಿಕೆನ್ ಸಂಶೋಧನಾ ಸಂಸ್ಥೆಯ ತಕಾಶಿ ಅಬೆ ಆ ರಸವನ್ನು ಪರೀಕ್ಷಿಸಿ, ಅದರಲ್ಲಿರುವ ಅಮೈನೊ ಆಮ್ಲಗಳ ಪ್ರಮಾಣವನ್ನೇ ಅನುಸರಿಸಿ ಮಿಶ್ರಣವೊಂದನ್ನು ತಯಾರಿಸಿದರು. ಅದನ್ನು ಕುಡಿದ ಇಲಿಗಳು ಹೆಚ್ಚು ಹೊತ್ತು ಈಜಿದವು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ನಾವೊಕೊ ತಕಾಹಾಶಿ 2 ಗಂಟೆ 23 ನಿಮಿಷ 14 ಸೆಕೆಂಡಿನಲ್ಲಿ ಮ್ಯಾರಥಾನ್ ಗೆದ್ದಾಗ, ಆಕೆ ಈ ಪಾನೀಯ ಬಳಸುತ್ತಿದ್ದಳೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು.

ಸುದ್ದಿ ಸುತ್ತಿದಷ್ಟು ವೇಗವಾಗಿ ಇನ್ನೊಂದು ಸಂಗತಿ ಸುತ್ತಲಿಲ್ಲ. ಆಕೆ ಅಮೆರಿಕದ ಕೊಲರಾಡೊ ಪರ್ವತಸೀಮೆಯಲ್ಲಿ, ಉಸಿರಿಗೆ ಗಾಳಿ ತೆಳುವಾದ ಎತ್ತರದಲ್ಲಿ, ಕಠಿಣ ಗುರುವಿನ ಕೈಕೆಳಗೆ ಓಡಿ ಓಡಿ ಪಳಗಿದವಳು. ಇಲಿಯ ಈಜಿನಿಂದ ಮನುಷ್ಯನ ಓಟಕ್ಕೆ ನೇರ ದಾರಿಯಿಲ್ಲ. ಮನುಷ್ಯರ ಮೇಲೆ ಅಂಥ ಮಿಶ್ರಣಗಳ ಪರಿಣಾಮಕ್ಕೆ ಸಿಕ್ಕಿರುವ ಆಧಾರ ಇಂದಿಗೂ ತೆಳುವಾಗಿದೆ.

ಕಣಜದ ಮಾತು ಬಂದಾಗ ಕೊಳ್ಳೇಗಾಲದವರಿಗೆ ರೇಷ್ಮೆಹುಳು ನೆನಪಾಗದೆ ಇರದು. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಿಂದಲೂ ಈ ಊರಿಗೆ ಅನ್ನ ಕೊಟ್ಟ ಹುಳು ಅದು. ಒಂದು ಕೆ.ಜಿ. ನೂಲಿಗೆ ಸುಮಾರು ಏಳು ಕೆ.ಜಿ. ಹಸಿಗೂಡು ಬೇಕು. ಆ ಗೂಡಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಒಳಗಿನ ಕೋಶಾವಸ್ಥೆಯ ಹುಳುವಿನದೇ. ಆ ಹುಳುವನ್ನು ಒಣಗಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಪ್ರೋಟೀನು, ಕಾಲುಭಾಗದಷ್ಟು ಕೊಬ್ಬು, ಆ ಕೊಬ್ಬಿನಲ್ಲಿ ಒಮೆಗಾ-3 ವರ್ಗದ ಲಿನೋಲೆನಿಕ್ ಆಮ್ಲ. ದೇಹಕ್ಕೆ ಅಗತ್ಯವಾದ ಅಮೈನೊ ಆಮ್ಲಗಳೆಲ್ಲ ಅದರಲ್ಲಿವೆ. ಕೊರಿಯಾದ ಬೀದಿಗಳಲ್ಲಿ ಇದನ್ನು ಬೇಯಿಸಿ ಮಾರುತ್ತಾರೆ, ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಹುಳು ಮನೆಯೂಟದ ಮೆಚ್ಚಿನ ಪದಾರ್ಥ.

ಆದರೆ ನಮ್ಮ ನೂಲು ಬಿಚ್ಚಾಣಿಕೆ ಘಟಕದಿಂದ ಹೊರಬೀಳುವ ಹುಳುವನ್ನು ತಂದು ತಿನ್ನಿರಿ ಎಂದು ನಾನು ಹೇಳುವುದಿಲ್ಲ. ಅದು ನೂಲಿಗಾಗಿ ಬಿಸಿನೀರಿನಲ್ಲಿ ನೆನೆದು, ಬಯಲಲ್ಲಿ ಬಿದ್ದು ಬೇಗ ಕೆಡುತ್ತದೆ. ಸಾಕಾಣಿಕೆ ಮನೆಯಲ್ಲಿ ಫಾರ್ಮಲಿನ್, ಬ್ಲೀಚಿಂಗ್ ಪುಡಿಯ ಬಳಕೆಯೂ ಇದೆ. ಸೀಗಡಿ ಒಗ್ಗದವರಿಗೆ ಈ ಹುಳುವೂ ಒಗ್ಗದೆ ಅಲರ್ಜಿ ಆಗಬಹುದು. ಶುಚಿಯಾಗಿ ಸಂಸ್ಕರಿಸಿದರೆ ಕೋಳಿಗೆ, ಮೀನಿಗೆ ಇದು ಉತ್ತಮ ಮೇವು. ಹುಳು ತಿನ್ನಲೊಲ್ಲದವರ ತಟ್ಟೆಗೂ ಹಾಗೆ ಅದರ ಪ್ರೋಟೀನು ಮೊಟ್ಟೆಯಾಗಿ, ಮೀನಾಗಿ ಬರುತ್ತದೆ. ರೇಷ್ಮೆಯ ಊರು ಇದನ್ನು ಒಂದು ಉದ್ಯಮವಾಗಿ ಯೋಚಿಸಬೇಕು.

ಅಕ್ಕಡಿ ಸಾಲಿನ ಬುದ್ಧಿ

ಈಗ ನಮ್ಮ ಹೊಲಕ್ಕೆ ಬರೋಣ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 7 ಗ್ರಾಂ ಪ್ರೋಟೀನು. ಅವರೆಕಾಳು, ಹುರುಳಿ, ತೊಗರಿಯಲ್ಲಿ 20ರಿಂದ 25 ಗ್ರಾಂ. ಕಡಲೆಕಾಯಿ ಬೀಜದಲ್ಲೂ ಅಷ್ಟೇ, ಜೊತೆಗೆ ಎಣ್ಣೆ ಹೆಚ್ಚು. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಮೆಥಿಯೋನಿನ್ ಚೆನ್ನಾಗಿದೆ. ಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ, ಲೈಸಿನ್ ಧಾರಾಳ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೊಬ್ಬನ್ನು ಉರಿಯುವ ಜಾಗಕ್ಕೆ ಸಾಗಿಸುವ ಕಾರ್ನಿಟಿನ್ ಎಂಬ ವಸ್ತುವನ್ನು ಮೈ ತಯಾರಿಸಿಕೊಳ್ಳುವುದೂ ಈ ಎರಡು ಅಮೈನೊ ಆಮ್ಲಗಳಿಂದಲೇ. ಅಂಗಡಿಯಲ್ಲಿ ಅದನ್ನು ಕೊಬ್ಬು ಕರಗಿಸುವ ಔಷಧವೆಂದು ಮಾರುತ್ತಾರೆ, ಆರೋಗ್ಯವಂತರ ದೇಹ ಊಟದಿಂದಲೇ ಅದನ್ನು ಮಾಡಿಕೊಳ್ಳುತ್ತದೆ.

ನಮ್ಮ ರೈತ ಇದನ್ನು ಪ್ರಯೋಗಾಲಯದಲ್ಲಿ ಕಲಿಯಲಿಲ್ಲ. ರಾಗಿ ಬಿತ್ತುವಾಗ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಯ ಅಕ್ಕಡಿ ಸಾಲು ಹಾಕಿದ. ಮಳೆ ಕೈಕೊಟ್ಟರೆ ಒಂದಾದರೂ ಕೈಹಿಡಿಯಲಿ ಎಂಬುದು ಅವನ ಲೆಕ್ಕ. ಹೊಲದಲ್ಲಿ ಒಟ್ಟಿಗೆ ಬೆಳೆದದ್ದು ಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿಯಾಗಿ ತಟ್ಟೆಯಲ್ಲೂ ಒಟ್ಟಿಗೆ ಕೂಡಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕೂಡ ರಾಗಿಯ ಜೊತೆ ಕಾಳು, ಕುಂಬಳ ಬೆಳೆದು, ಕೊಯ್ಲಾದ ಮೇಲೆ ರೊಟ್ಟಿ ಹಬ್ಬ ಮಾಡುತ್ತಾರೆ. ಗೆಣಸು, ಜೇನು, ಕಾಡುಸೊಪ್ಪು ತಿಂದು ದಿನವಿಡೀ ಕಾಡು ಸುತ್ತಿದವರ ನಡಿಗೆಯ ತ್ರಾಣ ಆ ಬದುಕಿನಿಂದ ಬಂದದ್ದು.

ಹೊಲದ ಬೆಳೆಗೆ ಹಾಡಿನಲ್ಲೂ ಜಾಗವಿದೆ: ಮಾದಪ್ಪನ ಕಾವ್ಯದಲ್ಲಿ ಎಣ್ಣೆಮಜ್ಜನದ ಎಳ್ಳಿಗೆ, ಸರಗೂರಯ್ಯನ ಭಕ್ತಿಗೆ ಒಂದು ಸಾಲೇ, ಅಂದರೆ ಅಧ್ಯಾಯವೇ, ಮೀಸಲಾಗಿದೆ. ಆ ಕಾವ್ಯವನ್ನು ರಾತ್ರಿಯಿಡೀ ಹಾಡುವ ದೇವರಗುಡ್ಡರು, ಬೀಸು ಕಂಸಾಳೆಯಲ್ಲಿ ಕುಣಿಯುತ್ತಲೇ ತಾಳ ತಪ್ಪದೆ ಬೀಸುವವರು, ನಿಜವಾದ ಅರ್ಥದಲ್ಲಿ ಸಹನಶಕ್ತಿಯ ಕ್ರೀಡಾಪಟುಗಳು. ಅವರು ಪಳಗಿದ್ದು ಎಳವೆಯಿಂದ ಮಾಡಿದ ಅಭ್ಯಾಸದಿಂದ, ಮನೆಯ ಊಟದಿಂದ.

ಮಾದಪ್ಪನ ಮಲೆಗಳಿಗೆ ಅಂಟಿದ ತಮಿಳುನಾಡಿನ ಬರಗೂರು ಬೆಟ್ಟಗಳಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕಿ ಬೆಳೆಸಿದ ಬರಗೂರು ತಳಿಯ ಎತ್ತುಗಳು ವೇಗಕ್ಕೂ ತ್ರಾಣಕ್ಕೂ ಹೆಸರಾದವು. ಗೇಯುವ ಎತ್ತಿಗೆ ಹುರುಳಿ ಬೇಯಿಸಿ ಇಡುವುದು ನಮ್ಮ ರೈತರ ರೂಢಿ. ಎತ್ತಿಗೆ ಹುರುಳಿ ಇಟ್ಟ ಮನೆ ಓಡುವ ಮಗನಿಗೆ ಹುರುಳಿಸಾರು ಹಳೆಯ ಕಾಲದ ಊಟವೆಂದು ತಿಳಿಯುತ್ತಿರುವುದು ನನಗೆ ನೋವು ತರುತ್ತದೆ.

ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಬೆಳೆದವರಿಗೆ ಹೇಳುವುದು ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನು. ದಿನವೂ ಕಷ್ಟಪಟ್ಟು ಓಡುವವರಿಗೆ 1.2ರಿಂದ 1.4 ಗ್ರಾಂ ಬೇಕೆಂದು ಕ್ರೀಡಾಪೋಷಣೆಯ ತಜ್ಞರು ಹೇಳುತ್ತಾರೆ. 60 ಕೆ.ಜಿ. ಹುಡುಗನಿಗೆ ಅದು 72ರಿಂದ 84 ಗ್ರಾಂ.

ಒಂದು ತಟ್ಟೆ ನೋಡಿ. ದಿನಕ್ಕೆ 250 ಗ್ರಾಂ ಅಕ್ಕಿ, ಕಾಲು ಕೆ.ಜಿ. ರಾಗಿಹಿಟ್ಟು, ಮೇಲೆ ಇಪ್ಪತ್ತು ಗ್ರಾಂ ಬೇಳೆ ಹಾಕಿದ ತೆಳುಸಾರು. ಎಲ್ಲ ಸೇರಿ ಸುಮಾರು 41 ಗ್ರಾಂ ಪ್ರೋಟೀನು. ಓಡದವನಿಗೇ ಬೇಕಾದ 50 ಗ್ರಾಂ ಇದರಲ್ಲಿಲ್ಲ. ಹೊಟ್ಟೆ ತುಂಬಿದೆ, ಸ್ನಾಯು ಹಸಿದಿದೆ. ನಮ್ಮ ಬಹಳ ಮನೆಗಳ ಓಟಗಾರರ ಸ್ಥಿತಿ ಇದು.

ಇನ್ನೊಂದು ತಟ್ಟೆ. ರಾಗಿ ಅಷ್ಟೇ: 18 ಗ್ರಾಂ. ಅಕ್ಕಿ 150 ಗ್ರಾಮಿಗೆ ಇಳಿದಿದೆ: 11 ಗ್ರಾಂ. ಮೊಳಕೆ ಹುರುಳಿಯ ಸಾರಿಗೆ 60 ಗ್ರಾಂ ಹುರುಳಿ: 13 ಗ್ರಾಂ. ಬಸ್ಸಾರಿನಲ್ಲಿ 40 ಗ್ರಾಂ ಅವರೆ ಅಥವಾ ತೊಗರಿ: 9 ಗ್ರಾಂ. ಸಂಜೆಗೆ ಒಂದು ಹಿಡಿ ಕಡಲೆಕಾಯಿ, 40 ಗ್ರಾಂ: 10 ಗ್ರಾಂ. ಹಾಲು, ಮೊಸರು, ಮಜ್ಜಿಗೆಯ ರೂಪದಲ್ಲಿ ಅರ್ಧ ಲೀಟರು ಹಾಲು: 16 ಗ್ರಾಂ. ಒಟ್ಟು 77. ಎರಡು ಮೊಟ್ಟೆ ಸೇರಿಸಿದರೆ 89. ಇಲ್ಲಿ ಒಂದೇ ಒಂದು ಚಮಚ ಪುಡಿಯಿಲ್ಲ, ಗುರಿ ಮುಟ್ಟಿದ್ದೇವೆ.

ಹುರುಳಿಯನ್ನು ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಬೇಕು. ಜೀರ್ಣಕ್ಕೆ ಅಡ್ಡಬರುವ ಅಂಶಗಳು ಆಗ ಇಳಿಯುತ್ತವೆ. ಕಟ್ಟನ್ನು ಮಾತ್ರ ಬಸಿದು ಉಪ್ಸಾರು ಮಾಡಿ ಕಾಳನ್ನು ದನಕ್ಕೆ ಹಾಕಬೇಡಿ. ಪ್ರೋಟೀನಿನ ಹೆಚ್ಚು ಪಾಲು ಉಳಿಯುವುದು ಕಾಳಿನಲ್ಲಿ. ಒಂದೇ ಹೊತ್ತಿಗೆ ಎಲ್ಲವನ್ನೂ ತಿನ್ನುವ ಬದಲು ಮೂರ್ನಾಲ್ಕು ಹೊತ್ತಿಗೆ ಹಂಚಿ, ಪ್ರತಿ ಸಲ 20 ಗ್ರಾಮಿನಷ್ಟು ಸಿಗುವಂತೆ ನೋಡಿಕೊಂಡರೆ ಸ್ನಾಯು ಚೆನ್ನಾಗಿ ಬಳಸಿಕೊಳ್ಳುತ್ತದೆ. ಅಭ್ಯಾಸ ಮುಗಿದ ಮೇಲೆ ಮೊದಲು ನೀರು, ಆಮೇಲೆ ರಾಗಿಗಂಜಿಗೆ ಹಾಲು, ಬೆಲ್ಲ. ಅದಕ್ಕಿಂತ ಒಳ್ಳೆಯ ಚೇತರಿಕೆಯ ಪಾನೀಯ ನನಗೆ ಗೊತ್ತಿಲ್ಲ.

ಮಾಂಸದ ಬಗ್ಗೆ ಒಂದು ಮಾತು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಒಕ್ಕಲಿನವರು ಪಂಕ್ತಿಯಲ್ಲಿ ಕುಳಿತು ಒಟ್ಟಿಗೆ ಉಣ್ಣುವ ಮಾಂಸದೂಟ ಬಡವರ ಮೈಗೆ ಸಿಗುವ ಉತ್ತಮ ಪ್ರೋಟೀನೂ ಹೌದು. ತಿನ್ನುವವರ ಊಟವನ್ನು ಕೀಳೆಂದು ಕಾಣುವುದು ಮಕ್ಕಳ ಆರೋಗ್ಯಕ್ಕೆ ಮಾಡುವ ಅನ್ಯಾಯ. ತಿನ್ನದವರಿಗೆ ಹಾಲು, ಕಾಳು ಸಾಕಾಗುತ್ತವೆ. ಇಬ್ಬರಿಗೂ ದಾರಿ ಇದೆ.

ಹೆಣ್ಣುಮಕ್ಕಳ ದಮ್ಮು

ಓಡುವ ಹುಡುಗಿಯರಿಗೆ ಪ್ರೋಟೀನಿನಷ್ಟೇ ಮುಖ್ಯವಾದದ್ದು ಕಬ್ಬಿಣಾಂಶ. ಉಸಿರಿನ ಆಮ್ಲಜನಕವನ್ನು ಸ್ನಾಯುವಿಗೆ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಅದು ಇಳಿದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಮ್ಮು ಕಟ್ಟುವುದಿಲ್ಲ. ಬೇಗ ಸುಸ್ತಾಗುವ ಹುಡುಗಿಯನ್ನು ‘ಸೋಮಾರಿ’ ಎನ್ನುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಸೊಪ್ಪು, ಕಾಳಿನ ಊಟಕ್ಕೆ ನಿಂಬೆರಸವೋ ಬೆಟ್ಟದ ನೆಲ್ಲಿಕಾಯಿಯೋ ಜೊತೆಯಾದರೆ ಕಬ್ಬಿಣವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗೆ ಟೀ, ಕಾಫಿ ಬೇಡ.

ಸೋಲಿಗರ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಈ ಸಮುದಾಯದಲ್ಲಿ ಕುಡಗೋಲು ಕಣದ ರಕ್ತಹೀನತೆ (ಸಿಕಲ್ ಸೆಲ್ ಅನೀಮಿಯಾ) ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದ ಡಾ. ಎಚ್. ಸುದರ್ಶನ್ ಅವರ ವೈದ್ಯಸೇವೆಯಲ್ಲಿ ಈ ಕಾಯಿಲೆಯ ಆರೈಕೆಯೂ ಸೇರಿತ್ತು. ಈ ಕಾಯಿಲೆ ಇರುವ ಮಕ್ಕಳನ್ನು ಬಿಸಿಲಿನಲ್ಲಿ, ನೀರು ಕೊಡದೆ, ಬಲವಂತವಾಗಿ ಓಡಿಸುವುದು ಜೀವಕ್ಕೆ ಅಪಾಯ. ಅವರ ತರಬೇತಿಯಲ್ಲಿ ವೈದ್ಯರ ಸಲಹೆ ಇರಲೇಬೇಕು.

ಡಬ್ಬಿಯ ಬಗ್ಗೆ

ಹಾಲಿನ ತಿಳಿಯಿಂದ ಮಾಡಿದ ವೇ ಪ್ರೋಟೀನು ವಿಷವಲ್ಲ. ಶುದ್ಧವಾಗಿದ್ದರೆ ಅದು ಹಾಲಿನ ಪ್ರೋಟೀನೇ. ಆದರೆ ಶುದ್ಧವಾಗಿದೆಯೆ? ಪ್ರೋಟೀನನ್ನು ಸಾಮಾನ್ಯವಾಗಿ ಅಳೆಯುವುದು ಅದರ ಸಾರಜನಕದ ಮೂಲಕ. ಅಗ್ಗದ ಗ್ಲೈಸಿನ್‌ನಂಥ ವಸ್ತು ಬೆರೆಸಿದರೂ ಸಾರಜನಕದ ಅಂಕಿ ಏರುತ್ತದೆ, ಪ್ರೋಟೀನು ಏರಿರುವುದಿಲ್ಲ. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 70ರಲ್ಲಿ ಪ್ರೋಟೀನಿನ ಪ್ರಮಾಣ ಡಬ್ಬಿಯ ಮೇಲೆ ಬರೆದಂತೆ ಇರಲಿಲ್ಲ. ಅದೇ ವರ್ಷ ಪ್ರಕಟವಾದ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬಳಸುವುದು ಬೇಡವೆಂದೇ ಹೇಳಿದೆ. ಕೊಬ್ಬು ಕರಗಿಸುವ ಹೆಸರಿನ ಪುಡಿಗಳಲ್ಲಿ ನಿಷೇಧಿತ ಉತ್ತೇಜಕ ಬೆರೆತಿದ್ದರೆ, ತಿಳಿಯದೆ ತಿಂದ ಕ್ರೀಡಾಪಟುವೂ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಕ್ರೀಡಾಜೀವನ ಕಳೆದುಕೊಳ್ಳಬಹುದು. ಮೂತ್ರಪಿಂಡದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಲೇಬಾರದು.

ಮಾಡಬೇಕಾದದ್ದು

2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲು ಶಾಲೆಗೆ ಬರುತ್ತಿದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆಯೂ ಬರುತ್ತಿದೆ. ಇದು ದೊಡ್ಡ ಹೆಜ್ಜೆ. ಅದನ್ನು ಇನ್ನೂ ಮುಂದೆ ಒಯ್ಯುವುದು ನಮ್ಮ ಕೆಲಸ. ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಹಳ್ಳಿಯ ಮೈದಾನದಿಂದ ಅಲ್ಲಿಯವರೆಗೆ ದಾರಿ ಇದೆ ಎಂಬುದು ನಮ್ಮ ಮಕ್ಕಳಿಗೆ ಈಗ ಕಣ್ಣೆದುರಿನ ಸತ್ಯ.

ಶಿಕ್ಷಕರಲ್ಲಿ ನನ್ನ ಕೋರಿಕೆ: ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಯಿ, ಮೊಳಕೆಕಾಳಿನ ಉಸಲಿ ಕೊಡಿ. ಹನೂರಿನ ಜೋಳದ ಹೊಲದವರಲ್ಲಿ, ಯಳಂದೂರಿನ ಗದ್ದೆಯವರಲ್ಲಿ ಕೋರಿಕೆ: ಮಾರುವ ಬೆಳೆ ಇರಲಿ, ಮನೆಗೆಂದು ಹತ್ತು ಗುಂಟೆಯಲ್ಲಾದರೂ ಹುರುಳಿ, ಅವರೆಯ ಸಾಲು ಹಾಕಿ. ಹಾಲನ್ನೆಲ್ಲ ಡೇರಿಗೆ ಅಳೆಯುವ ಮನೆಯವರು ಓಡುವ ಮಗುವಿನ ಲೋಟವನ್ನು ಮೊದಲು ತುಂಬಿಸಿ, ಆಮೇಲೆ ಕ್ಯಾನು ತುಂಬಿಸಿ. ಮಕ್ಕಳಲ್ಲಿ ಕೋರಿಕೆ: ಡಬ್ಬಿಗೆ ಕೂಡಿಟ್ಟ ಹಣದಲ್ಲಿ ಒಳ್ಳೆಯ ಶೂ ಕೊಳ್ಳಿ, ರಾತ್ರಿ ಎಂಟು ಗಂಟೆ ನಿದ್ದೆ ಮಾಡಿ, ವಾರದಲ್ಲಿ ಒಂದು ದಿನ ನಿಧಾನವಾಗಿ ದೂರ ಓಡಿ.

ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರಲ್ಲೂ ಒಂದು ಬಿನ್ನಹವಿದೆ. ಮುಂದಿನ ವರ್ಷದಿಂದ ದತ್ತಿಯ ಹಣದ ಒಂದು ಪಾಲನ್ನು ಮೂರು ತಾಲ್ಲೂಕಿನ ಬಡ ಓಟಗಾರರ ಹುರುಳಿ, ಹಾಲು, ಮೊಟ್ಟೆಗೆ ಮತ್ತು ಹೆಣ್ಣುಮಕ್ಕಳ ರಕ್ತಪರೀಕ್ಷೆಗೆ ಮೀಸಲಿಡಿ. ಅಂಥ ಒಂದು ತಂಡ ವರ್ಷವಿಡೀ ಹೊಟ್ಟೆತುಂಬ ಉಂಡು ಅಭ್ಯಾಸ ಮಾಡಿದರೆ ಫಲವನ್ನು ಮೈದಾನದ ಗಡಿಯಾರವೇ ತೋರಿಸುತ್ತದೆ. ಈ ಕೆಲಸದಲ್ಲಿ ನನ್ನಿಂದಾಗುವ ನೆರವನ್ನು ನಾನು ಸಂತೋಷದಿಂದ ಕೊಡುತ್ತೇನೆ.